ಕುಣಿಕೆ ಎಸೆಯೋಕೆ ಕಾಲು ಎಷ್ಟು ಬೇಕು?

(ಹಾವೇರಿಯಲ್ಲಿ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ ‘ರೋಡಿಯೊ ಮತ್ತು ಅಂಗವೈಕಲ್ಯ’ ಅಂತ ಓದಿ ಕೆಲವರು ನಕ್ಕಿರಬಹುದು. ರೋಡಿಯೊ ಅಂದರೆ ಅಮೆರಿಕದ ಕೌಬಾಯ್‌ಗಳ, ಅಂದರೆ ಕುದುರೆ ಮೇಲೆ ದನ ಕಾಯುವವರ, ಪಂದ್ಯ. ಕೈಕಾಲು ಗಟ್ಟಿ ಇದ್ದವರೇ ಮುರಿದುಕೊಂಡು ಬರುವ ಆಟ ಅದು. ಅಲ್ಲಿ ವೀಲ್‌ಚೇರ್‌ನವರಿಗೆ ಏನು ಕೆಲಸ, ಅಲ್ವಾ? ನಾನು ಇದೇ ಜಿಲ್ಲೆಯವನು. ಈಗ ಟೆಕ್ಸಸ್‌ನ ಫೋರ್ಟ್ ವರ್ತ್ ಹತ್ತಿರ ಫಿಸಿಯೋಥೆರಪಿ ಮಾಡಿಕೊಂಡಿದ್ದೇನೆ. ಬೆನ್ನುಹುರಿಗೆ ಪೆಟ್ಟಾದವರು, ಕಾಲು ಕಳೆದುಕೊಂಡವರು ದಿನವೂ ನನ್ನ ಹತ್ತಿರ ಬರುತ್ತಾರೆ. ಅವರಲ್ಲಿ ಹಲವರು ದನ, ಕುದುರೆ ಸಾಕುವ ಮನೆಗಳವರು. ‘ಯಾವಾಗ ನಡೀತೀನಿ’ ಅಂತ ಮೊದಲು ಕೇಳುತ್ತಾರೆ. ‘ಯಾವಾಗ ಕುದುರೆ ಹತ್ತಬಹುದು’ ಅನ್ನೋದು ಎರಡನೆಯ ಪ್ರಶ್ನೆ. ಕೆಲವರು ಎರಡನೆಯದನ್ನೇ ಮೊದಲು ಕೇಳುತ್ತಾರೆ.

ಆಟ ಏನು ಅಂತ ಗೊತ್ತಿಲ್ಲದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬಯಲಲ್ಲಿ ಮೇಯುವ ಸಾವಿರಾರು ದನಗಳಲ್ಲಿ ಕಾಯಿಲೆ ಬಿದ್ದ ಒಂದು ಕರುವನ್ನು ಹಿಡಿಯಬೇಕು. ಅಥವಾ ಹೊಸ ಕರುವಿಗೆ ಬರೆ ಹಾಕಿ ಗುರುತು ಮಾಡಬೇಕು. ಕೊಟ್ಟಿಗೆ ಇಲ್ಲ, ಮೂಗುದಾರ ಇಲ್ಲ. ಆಗ ಇರುವುದು ಕುದುರೆ ಮತ್ತು ಕುಣಿಕೆ ಹಗ್ಗ. ಮೆಕ್ಸಿಕೊದ ದನಗಾಹಿಗಳು ಪಳಗಿಸಿಕೊಂಡ ಈ ವಿದ್ಯೆಯನ್ನು ಅಮೆರಿಕದ ಕೌಬಾಯ್‌ಗಳು ಕಲಿತರು. ಕೆಲಸ ಮುಗಿದ ಮೇಲೆ ‘ಯಾರು ಬೇಗ ಹಿಡೀತಾರೆ ನೋಡೋಣ’ ಅಂತ ಪಂದ್ಯ ಕಟ್ಟಿದರು. ಅರಿಜೋನಾದ ಪ್ರೆಸ್ಕಾಟ್‌ನಲ್ಲಿ 1888ರಿಂದ, ವಯೋಮಿಂಗ್‌ನ ಶಾಯೆನ್‌ನಲ್ಲಿ 1897ರಿಂದ ರೋಡಿಯೊ ನಡೆಯುತ್ತಿದೆ. ರಾಷ್ಟ್ರಮಟ್ಟದ ಕೊನೆಯ ಸುತ್ತು 1985ರಿಂದ ಹೆಚ್ಚುಕಡಿಮೆ ಪ್ರತಿ ಡಿಸೆಂಬರ್‌ನಲ್ಲೂ ಲಾಸ್ ವೇಗಸ್‌ನಲ್ಲಿ ಹತ್ತು ರಾತ್ರಿ.

ದೀಪಾವಳಿ ಹೊತ್ತಿಗೆ ಹೋರಿ ಬೆದರಿಸುವುದನ್ನು ನೀವೆಲ್ಲ ನೋಡಿದವರು. ಇಲ್ಲಿ ಕೊರಳಿನ ಕೊಬ್ಬರಿ ಹಾರ ಕಿತ್ತವನು ಗೆದ್ದ, ಕೊಡದೆ ಓಡಿದರೆ ಹೋರಿ ಗೆದ್ದಿತು. ಹೋರಿಗೂ ಹೆಸರಿದೆ, ಅಭಿಮಾನಿಗಳಿದ್ದಾರೆ. ಅಲ್ಲಿಯ ಹಗ್ಗದ ಆಟಗಳಲ್ಲಿ ಹಾಗಲ್ಲ. ಎಲ್ಲ ಗಡಿಯಾರದ ಲೆಕ್ಕ.

ಹಗ್ಗದ ಆಟಗಳಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ. ಒಂದು, ಟೈ-ಡೌನ್. ಕರುವಿನ ಕೊರಳಿಗೆ ಕುಣಿಕೆ ಬಿದ್ದ ತಕ್ಷಣ ಸವಾರ ಕುದುರೆಯಿಂದ ಧುಮುಕಿ ಓಡುತ್ತಾನೆ. ಕರುವನ್ನು ಮಗ್ಗುಲಿಗೆ ಕೆಡವಿ, ಹಲ್ಲಲ್ಲಿ ಕಚ್ಚಿಕೊಂಡಿದ್ದ ಚಿಕ್ಕ ದಾರ ತೆಗೆದು ಮೂರು ಕಾಲು ಕಟ್ಟಿ ಕೈ ಎತ್ತುತ್ತಾನೆ. ಆ ಕಟ್ಟು ಆರು ಸೆಕೆಂಡ್ ಬಿಚ್ಚದೆ ನಿಲ್ಲಬೇಕು. ಈ ಹೊತ್ತಿನಲ್ಲಿ ಕುದುರೆಯ ಮೇಲೆ ಯಾರೂ ಇಲ್ಲ, ನೆನಪಿಡಿ. ಆದರೂ ಅದು ತಾನಾಗಿಯೇ ಹಿಂದಕ್ಕೆ ಹೆಜ್ಜೆ ಇಡುತ್ತಾ ಹಗ್ಗ ಬಿಗಿಯಾಗಿ ಹಿಡಿದಿರುತ್ತದೆ. ನನಗೆ ಇಡೀ ರೋಡಿಯೊದಲ್ಲಿ ಜಾಸ್ತಿ ಇಷ್ಟವಾಗುವುದು ಅದೇ.

ಎರಡು, ಬ್ರೇಕ್‌ಅವೇ. ಹಗ್ಗದ ತುದಿಯನ್ನು ಜೀನಿನ ಮುಂದಿನ ಗೂಟಕ್ಕೆ ತೆಳು ದಾರದಲ್ಲಿ ಕಟ್ಟಿರುತ್ತಾರೆ. ಕುಣಿಕೆ ಬಿದ್ದ ಕರು ಮುಂದೆ ಓಡಿದರೆ ದಾರ ಪಟ್ಟಂತ ಕಿತ್ತು ಹೋಗುತ್ತದೆ, ಅಲ್ಲಿಗೆ ಸಮಯ ನಿಂತಿತು. ಇಳಿಯುವುದು, ಕೆಡವುವುದು ಏನೂ ಇಲ್ಲ. ದೊಡ್ಡ ಮಟ್ಟದಲ್ಲಿ ಇದು ಹೆಂಗಸರ ಆಟ. 2020ರಲ್ಲಿ ಇದಕ್ಕೂ ರಾಷ್ಟ್ರಮಟ್ಟದ ಕೊನೆಯ ಸುತ್ತು ಶುರುವಾಯಿತು.

ಮೂರನೆಯದು ಟೀಮ್ ರೋಪಿಂಗ್, ಇಬ್ಬರ ಆಟ. ಎಡಗಡೆಯ ಕಟಾಂಜನದಲ್ಲಿ ಹೆಡರ್, ಬಲಗಡೆ ಹೀಲರ್, ನಡುವೆ ಸುಮಾರು 250 ಕೆ.ಜಿ. ತೂಗುವ ಬೀಜ ತೆಗೆಸಿದ ಎಳೆ ಹೋರಿ. ಹೋರಿಗೆ ಸ್ವಲ್ಪ ಮುಂಚಿತವಾಗಿ ಓಡಲು ಬಿಡಬೇಕು. ಆತುರಪಟ್ಟು, ಕುದುರೆಯ ಮುಂದೆ ಅಡ್ಡ ಕಟ್ಟಿದ ದಾರ ಹರಿದರೆ ಹತ್ತು ಸೆಕೆಂಡ್ ದಂಡ. ಹೆಡರ್ ಕೊಂಬಿಗೆ ಕುಣಿಕೆ ಹಾಕಿ, ಹಗ್ಗವನ್ನು ಜೀನಿನ ಗೂಟಕ್ಕೆ ಸುತ್ತಿ ಕುದುರೆಯನ್ನು ಎಡಕ್ಕೆ ತಿರುಗಿಸುತ್ತಾನೆ. ಹೋರಿಯೂ ತಿರುಗುತ್ತದೆ. ಆ ತಿರುವಿನಲ್ಲಿ ಹೀಲರ್ ಹೋರಿಯ ಹೊಟ್ಟೆ ಕೆಳಗೆ ಕುಣಿಕೆಯನ್ನು ನಿಲ್ಲಿಸಿದ ಹಾಗೆ ಎಸೆಯುತ್ತಾನೆ. ಜಿಗಿಯುವ ಹೋರಿ ತನ್ನ ಎರಡೂ ಹಿಂಗಾಲು ಅದರೊಳಗೆ ಇಡಬೇಕು. ಒಂದೇ ಕಾಲು ಸಿಕ್ಕರೆ ಐದು ಸೆಕೆಂಡ್ ದಂಡ. ಪಳಗಿದವರು ಇಷ್ಟನ್ನೂ ನಾಲ್ಕೈದು ಸೆಕೆಂಡಿನಲ್ಲಿ ಮುಗಿಸುತ್ತಾರೆ. ನೀವು ಕಡ್ಲೆಕಾಯಿ ಸುಲಿದು ತಲೆ ಎತ್ತುವಷ್ಟರಲ್ಲಿ ಮುಗಿದಿರುತ್ತದೆ.

ಈಗ ಯೋಚನೆ ಮಾಡಿ. ಕಾಲಿನ ಶಕ್ತಿ ಹೋದವರಿಗೆ ಮೊದಲನೆಯ ಆಟದ ಬಾಗಿಲು ಮುಚ್ಚಿತು. ಸುಮ್ನೆ ಸಮಾಧಾನ ಹೇಳಿ ಪ್ರಯೋಜನ ಇಲ್ಲ. ಆದರೆ ಎರಡನೆಯದರಲ್ಲಿ, ಮೂರನೆಯದರಲ್ಲಿ ಯಾರೂ ನೆಲಕ್ಕೆ ಕಾಲಿಡುವುದೇ ಇಲ್ಲ! ಓಟ ಕುದುರೆಯದು. ಬಲ ಕುದುರೆಯದು. ಸವಾರ ತರಬೇಕಾದ್ದು ಕಣ್ಣಿನ ಅಳತೆ, ಕೈಯ ಲಯ, ಕೂತಲ್ಲಿ ಕೂತಿರುವ ಸಾಮರ್ಥ್ಯ. ಆ ಮೂರನೆಯದೇ ಕಷ್ಟ.

ಯಾಕೆ ಅಂತ ಹೇಳುತ್ತೇನೆ. ಸಾಮಾನ್ಯ ಸವಾರ ಕೂರುವುದು ತೊಡೆಯಿಂದ. ಕುದುರೆಗೆ ‘ಹೋಗು, ತಿರುಗು, ನಿಲ್ಲು’ ಅಂತ ಹೇಳುವುದೂ ಬಹುಪಾಲು ಕಾಲಿನಿಂದಲೇ. ಕಾಲು ಇಲ್ಲದಿದ್ದರೆ ಕೈಯಲ್ಲಿ ಜೀನು ಹಿಡಿದುಕೊಳ್ಳಬಹುದು. ಆದರೆ ಹಗ್ಗದ ಆಟದಲ್ಲಿ ಎಡಗೈಲಿ ಲಗಾಮು ಮತ್ತು ಸುರುಳಿ, ಬಲಗೈಲಿ ತಲೆ ಮೇಲೆ ತಿರುಗುವ ಕುಣಿಕೆ. ಎರಡೂ ಕೈಗೆ ಬಿಡುವಿಲ್ಲ. ಹಾಗಾದರೆ ಸವಾರನನ್ನು ಹಿಡಿದಿಡುವುದು ಯಾವುದು?

ಉತ್ತರ ಬೆನ್ನುಹುರಿ ಎಲ್ಲಿ ಪೆಟ್ಟು ತಿಂದಿದೆ ಅನ್ನುವುದರಲ್ಲಿದೆ. ಎದೆಭಾಗದಲ್ಲಿ 12 ಮಣಿಮೂಳೆಗಳಿವೆ. ಹನ್ನೆರಡನೆಯದರ ಹತ್ತಿರ ಪೆಟ್ಟಾದರೆ ಕಾಲು ಹೋಗುತ್ತದೆ, ಆದರೆ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಬಹುಮಟ್ಟಿಗೆ ಉಳಿದಿರುತ್ತವೆ. ಬಗ್ಗಿದರೆ ಎದ್ದು ಕೂರಬಹುದು. ಅದೇ ನಾಲ್ಕನೆಯದೋ ಐದನೆಯದೋ ಆದರೆ ಎದೆಯಿಂದ ಕೆಳಗೆ ಹಿಡಿತವೇ ಇರುವುದಿಲ್ಲ. ಮುಂದಕ್ಕೆ ಬಾಗಿದರೆ ಮುಂದಕ್ಕೇ ಹೋದರು. ಬೆವರುವುದೂ ಏರುಪೇರಾಗಿ ಬಿಸಿಲು ತಡೆಯುವುದಿಲ್ಲ. ಇಬ್ಬರೂ ವೀಲ್‌ಚೇರ್‌ನಲ್ಲೇ ಇರುತ್ತಾರೆ, ಹೊರಗಿನವರ ಕಣ್ಣಿಗೆ ಒಂದೇ. ಕುದುರೆ ಮೇಲೆ ಮಾತ್ರ ಅಜಗಜಾಂತರ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ಆಂಬರ್ಲಿ ಸ್ನೈಡರ್. ಯೂಟಾ ರಾಜ್ಯದ ಹುಡುಗಿ, ಕುದುರೆ ಓಡಿಸುತ್ತಾ ಪೀಪಾಯಿ ಸುತ್ತುವ ಬ್ಯಾರಲ್ ರೇಸಿಂಗ್‌ನಲ್ಲಿ ಹೆಸರು ಮಾಡಿದವಳು. 2010ರ ಜನವರಿಯಲ್ಲಿ ವಯೋಮಿಂಗ್‌ನ ಹೆದ್ದಾರಿಯಲ್ಲಿ ಅವಳ ಟ್ರಕ್ ಪಲ್ಟಿ ಹೊಡೆಯಿತು. ಸೀಟ್‌ಬೆಲ್ಟ್ ಹಾಕಿರಲಿಲ್ಲ. ಹೊರಗೆ ಎಸೆಯಲ್ಪಟ್ಟು ಬೇಲಿ ಕಂಬಕ್ಕೆ ಬಡಿದಳು. ಪೆಟ್ಟು ಬಿದ್ದದ್ದು ಹನ್ನೆರಡನೆಯ ಮಣಿಮೂಳೆಗೆ. ಆಗ ಅವಳಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಒಂದೂವರೆ ವರ್ಷಕ್ಕೆ ಮತ್ತೆ ಸ್ಪರ್ಧೆಗೆ ಇಳಿದಳು, ಜೀನಿಗೆ ಸೀಟ್‌ಬೆಲ್ಟ್ ಹಾಕಿಸಿಕೊಂಡು. 2015ರಲ್ಲಿ ಅಭಿಮಾನಿಗಳ ಮತದಿಂದ ಟೆಕ್ಸಸ್‌ನ ಆರ್ಲಿಂಗ್ಟನ್‌ನ ದೊಡ್ಡ ಕ್ರೀಡಾಂಗಣದಲ್ಲಿ ನಡೆದ ‘ದಿ ಅಮೆರಿಕನ್’ ರೋಡಿಯೊಗೆ ಹೋದಳು. ಬ್ರೇಕ್‌ಅವೇ ರೋಪಿಂಗನ್ನೂ ಮಾಡುತ್ತಾಳೆ. ಅವಳ ಛಲದ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ. ನನ್ನ ಕಣ್ಣು ಹೋಗುವುದು ಆ ಸೀಟ್‌ಬೆಲ್ಟ್ ಕಡೆಗೆ, ಎತ್ತರದ ಬೆನ್ನಾಸರೆ ಕಡೆಗೆ, ಕಾಲನ್ನು ಜೀನಿಗೆ ಅಂಟಿಸುವ ಪಟ್ಟಿಗಳ ಕಡೆಗೆ. ಛಲ ಇದ್ದು ಆ ಬೆಲ್ಟ್ ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ನೆಲಕ್ಕೆ.

ಆದರೆ ಬೆಲ್ಟ್ ಅಂದರೆ ಎರಡು ಅಲಗಿನ ಕತ್ತಿ. ಕುದುರೆ ಬಿದ್ದರೆ ಮಾಮೂಲಿ ಸವಾರ ದೂರ ಹಾರಿ ಉಳಿದುಕೊಳ್ಳುತ್ತಾನೆ. ಕಟ್ಟಿಕೊಂಡವನು ಕುದುರೆಯ ಜೊತೆಗೇ ಬೀಳುತ್ತಾನೆ, ಅರ್ಧ ಟನ್ ಮೈಮೇಲೆ. ಅದಕ್ಕೇ ಪ್ಯಾರಾ ಕುದುರೆ ಸವಾರಿಯಲ್ಲಿ ಸವಾರನನ್ನು ಜೀನಿಗೆ ಬಿಗಿದು ಕಟ್ಟುವಂತಿಲ್ಲ, ಜೋರಾಗಿ ಎಳೆದರೆ ಬಿಟ್ಟುಕೊಳ್ಳುವ ವೆಲ್ಕ್ರೋ ಥರದ್ದೇ ಬೇಕು. ಎಷ್ಟು ಬಿಗಿ, ಎಷ್ಟು ಸಡಿಲ ಅನ್ನುವುದು ಆ ಮೈ, ಆ ಕುದುರೆ, ಆ ಆಟ ನೋಡಿ ತೀರ್ಮಾನ ಮಾಡಬೇಕಾದ್ದು.

ನನ್ನ ಹತ್ತಿರ ಬರುವ ಒಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ. ಐವತ್ತರ ಹತ್ತಿರದ ಮನುಷ್ಯ, ಕೆಲಸದ ಜಾಗದಲ್ಲಿ ಎತ್ತರದಿಂದ ಬಿದ್ದವರು. ಸೊಂಟದಿಂದ ಕೆಳಗೆ ಸ್ಪರ್ಶ ಇಲ್ಲ. ಮನೆಯ ಹಿಂದಿನ ಶೆಡ್‌ನಲ್ಲಿ ಹುಲ್ಲಿನ ಪೆಂಡಿಗೆ ಪ್ಲಾಸ್ಟಿಕ್ ಹೋರಿ ತಲೆ ಚುಚ್ಚಿಟ್ಟುಕೊಂಡಿದ್ದಾರೆ. ಆ ಕಡೆ ಮೂರು ವರ್ಷದ ಮಕ್ಕಳೂ ಕಲಿಯುವುದು ಆ ತಲೆಗೆ ಎಸೆದೇ. ಇವರು ವೀಲ್‌ಚೇರ್‌ನಿಂದ ಎಸೆಯಲು ಹೋದರೆ ಮೊದಲು ಕುಣಿಕೆ ಕುರ್ಚಿಯ ಕೈಗೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕೈ ಬಿಚ್ಚಿಟ್ಟರು. ಆಮೇಲೆ ಕೆಳಗಿಳಿದ ಹಗ್ಗ ಚಕ್ರಕ್ಕೆ ಸುತ್ತಿಕೊಂಡಿತು. ಕುರ್ಚಿಯನ್ನು ಹಲಗೆಯ ಮೇಲೆ ಏರಿಸಿದರು. ಬ್ರೇಕ್ ಹಾಕಿದ್ದರೂ ಹಗ್ಗ ಬೀಸಿದ ಹಾಗೆಲ್ಲ ಕುರ್ಚಿ ಒಂದೊಂದು ಇಂಚು ಬಲಕ್ಕೆ ತಿರುಗುತ್ತಿತ್ತು. ಚಕ್ರದ ಪಕ್ಕ ಮರಳು ಚೀಲ ಬಂತು. ಕೊನೆಗೆ ಹಳೇ ಜೀನನ್ನು ಡ್ರಮ್ಮಿನ ಮೇಲೆ ಕಟ್ಟಿ, ಅದರ ಮೇಲೇ ಕೂರಿಸಿದೆವು.

ಅಲ್ಲಿಂದ ನನ್ನ ಕೆಲಸ ಶುರು. ಎದೆಪಟ್ಟಿಯನ್ನು ಮೊದಲು ಬಿಗಿಯಾಗಿ ಹಾಕಿದೆ. ದಿನ ಕಳೆದ ಹಾಗೆ ಒಂದೊಂದೇ ತೂತು ಸಡಿಲ ಮಾಡಿದೆ. ಬಲಗೈ ತಲೆ ಮೇಲೆ ತಿರುಗುವಾಗ ಇಡೀ ಮುಂಡ ಎಡಕ್ಕೆ ವಾಲದ ಹಾಗೆ ಪಕ್ಕೆಯ ಸ್ನಾಯು ಹಿಡಿದಿಡಬೇಕು. ಆಸ್ಪತ್ರೆಯಲ್ಲಿ ಚೆಂಡು ಎಸೆದು ಇದೇ ವ್ಯಾಯಾಮ ಮಾಡಿಸಿದರೆ ಹತ್ತು ನಿಮಿಷಕ್ಕೆ ‘ಸಾಕಪ್ಪಾ’ ಅನ್ನುತ್ತಿದ್ದವರು ಇವರೇ. ಹಗ್ಗ ಕೈಗೆ ಬಂದ ಮೇಲೆ ‘ಇನ್ನೊಂದು, ಇನ್ನೊಂದು’ ಅಂತ ಕತ್ತಲಾಗುವವರೆಗೆ. ಹಗ್ಗದ ಕಣ್ಣಿನಲ್ಲಿ ತೊಗಲಿನ ಚಿಕ್ಕ ಪಟ್ಟಿ ಇರುತ್ತದೆ. ಎಸೆದು ಎಸೆದು ಅದು ಸವೆದು ನುಣ್ಣಗಾಗಿತ್ತು.

ಜನ ಬಿದ್ದು ಮೂಳೆ ಮುರಿಯುವುದನ್ನು ನೆನೆದು ಹೆದರುತ್ತಾರೆ. ನಾನು ಹೆದರುವುದು ಜೀನ್ಸ್ ಪ್ಯಾಂಟಿಗೆ. ನಗಬೇಡಿ. ಸ್ಪರ್ಶ ಇಲ್ಲದ ಚರ್ಮದ ಕೆಳಗೆ ದಪ್ಪ ಹೊಲಿಗೆಯೋ ಹಿಂದಿನ ಜೇಬಿನ ಗುಂಡಿಯೋ ಒಂದು ಗಂಟೆ ಒತ್ತಿದರೆ ಸಾಕು, ಒತ್ತುಹುಣ್ಣು ಶುರು. ನಮಗಾದರೆ ಚುಚ್ಚಿದ ತಕ್ಷಣ ಸರಿದು ಕೂರುತ್ತೇವೆ. ಅವರಿಗೆ ಗೊತ್ತೇ ಆಗುವುದಿಲ್ಲ. ಒಂದು ಹುಣ್ಣು ಆಳಕ್ಕೆ ಇಳಿದರೆ ತಿಂಗಳುಗಟ್ಟಲೆ ಬೋರಲು ಮಲಗಬೇಕು, ಕೆಲವೊಮ್ಮೆ ಜೀವಕ್ಕೇ ಸಂಚಕಾರ. ಅದಕ್ಕೆ ಜೀನಿನ ಮೇಲೆ ಜೆಲ್ ದಿಂಬು, ಜೇಬಿಲ್ಲದ ಮೆತ್ತನೆ ಪ್ಯಾಂಟು, ಇಳಿದ ತಕ್ಷಣ ಕನ್ನಡಿ ಹಿಡಿದು ಚರ್ಮ ನೋಡುವುದು. ಕೌಬಾಯ್‌ಗಳಿಗೆ ಪ್ಯಾಂಟು ಬದಲಾಯಿಸಿ ಅನ್ನುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ಕುದುರೆ ಬಿಡಿ ಅಂದರೂ ಒಪ್ಪಿಯಾರು!

ಕುದುರೆಯ ಮಾತಿಗೆ ಬರೋಣ. ಎಳೆಯ, ಚುರುಕು ಕುದುರೆ ಇವರಿಗೆ ಬೇಡ. ಹದಿನೈದು ದಾಟಿದ, ಸಾವಿರಾರು ಹೋರಿಗಳ ಬೆನ್ನು ನೋಡಿದ ಕುದುರೆ ಬೇಕು. ಹೋರಿ ಎಷ್ಟು ಬೇಗ ಓಡುತ್ತಿದೆ, ಎಲ್ಲಿ ನಿಂತರೆ ಎಸೆಯಲು ಅನುಕೂಲ ಅಂತ ಅದಕ್ಕೇ ಗೊತ್ತಿರುತ್ತದೆ. ಕಾಲಿನ ಸನ್ನೆಯ ಬದಲು ಬಾಯಿಮಾತು, ಲಗಾಮು, ಮೈಭಾರ ಅರ್ಥ ಮಾಡಿಕೊಳ್ಳುವ ಹಾಗೆ ತಿರುಗಿ ಕಲಿಸಬೇಕು. ಹತ್ತುವಾಗ ಇಳಿಜಾರು ಕಟ್ಟೆ ಅಥವಾ ಎತ್ತುವ ಯಂತ್ರದ ಪಕ್ಕ ಕಲ್ಲಿನ ಹಾಗೆ ನಿಲ್ಲಬೇಕು. ಇಂಥ ಕುದುರೆಗೆ ಹತ್ತಾರು ಸಾವಿರ ಡಾಲರ್ ಬೆಲೆ. ಹಣ ಇಲ್ಲದವರಿಗೆ ಅಲ್ಲೂ ಈ ಕನಸು ದುಬಾರಿಯೇ.

ಇನ್ನೊಂದು ಅಪಾಯ ಕೈಗೆ. ಹೋರಿ ಎಳೆಯುವ ಹೊತ್ತಿಗೆ ಹಗ್ಗವನ್ನು ಗೂಟಕ್ಕೆ ಸುತ್ತಬೇಕು ಅಂದೆನಲ್ಲ, ಆಗ ಹೆಬ್ಬೆರಳು ನಡುವೆ ಸಿಕ್ಕರೆ ಹೋಯಿತು. ಟೀಮ್ ರೋಪಿಂಗ್ ಮಾಡುವ ಊರುಗಳಲ್ಲಿ ಹೆಬ್ಬೆರಳು ಇಲ್ಲದವರನ್ನು ಹುಡುಕುತ್ತಾ ಹೋಗಬೇಕಿಲ್ಲ, ಚಹಾ ಅಂಗಡಿಯಲ್ಲೇ ಸಿಗುತ್ತಾರೆ. ಅಲ್ಲಿ ಕಾಫಿ ಅಂಗಡಿ ಅನ್ನಿ. ಜೇಕ್ ಬಾರ್ನ್ಸ್ ಅಂತ ಏಳು ಸಲ ವಿಶ್ವ ಚಾಂಪಿಯನ್ ಆದ ಹೆಡರ್ ಇದ್ದಾರೆ. ಕ್ಲೇ ಓ’ಬ್ರಯನ್ ಕೂಪರ್ ಅವರ ಜೊತೆ 1994ರಲ್ಲಿ ಲಾಸ್ ವೇಗಸ್‌ನಲ್ಲಿ ಹತ್ತು ಹೋರಿಗಳನ್ನು ಒಟ್ಟು 59.1 ಸೆಕೆಂಡಿನಲ್ಲಿ ಹಿಡಿದವರು. 2005ರ ಅದೇ ಕೊನೆಯ ಸುತ್ತಿನಲ್ಲಿ, ಅದೇ ಊರಲ್ಲಿ, ಅವರ ಬಲಗೈ ಹೆಬ್ಬೆರಳು ಹೋಯಿತು. ಹೆಬ್ಬೆರಳಿಲ್ಲದೆಯೇ ಮತ್ತೆ ಎಸೆಯಲು ಕಲಿತರು. 2014ರಲ್ಲಿ ಬ್ರೆಜಿಲ್‌ನಿಂದ ಬಂದ ಹುಡುಗ ಜೂನಿಯರ್ ನೊಗೈರ ಜೊತೆ ಸೇರಿ ಮತ್ತೆ ಅದೇ ಕಣಕ್ಕೆ ಅರ್ಹತೆ ಪಡೆದರು. ಅವರನ್ನು ಯಾರೂ ಅಂಗವಿಕಲ ಆಟಗಾರ ಅಂತ ಕರೆಯಲಿಲ್ಲ. ಬೆರಳು ಹೋದ ರೋಪರ್, ಅಷ್ಟೇ. ವೀಲ್‌ಚೇರ್‌ನವರಿಗೆ ಮಾತ್ರ ಬೇರೆ ಸಾಲು ಯಾಕೆ ಅಂತ ನಾನು ಯೋಚಿಸಲು ಶುರು ಮಾಡಿದ್ದು ಅವರಿಂದ.

ಈ ಸಾಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹಾಸನ ಜಿಲ್ಲೆಯ ಗಿರೀಶ್ ನಾಗರಾಜೇಗೌಡ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಅವರು ಆಡಿದ್ದು ಕಾಲಿನ ತೊಂದರೆ ಇದ್ದವರ ಎಫ್42 ಅನ್ನುವ ವರ್ಗದಲ್ಲಿ. ಪ್ಯಾರಾ ಕ್ರೀಡೆಯಲ್ಲಿ ಮೊದಲು ನಿಮ್ಮ ದೇಹದಲ್ಲಿ ಏನು ಕಡಿಮೆ ಇದೆ ಅಂತ ಅಳೆಯುತ್ತಾರೆ, ಅಂಥವರ ಜೊತೆಯೇ ಆಡಿಸುತ್ತಾರೆ. ಅದು ನ್ಯಾಯವೇ, ತಕರಾರಿಲ್ಲ. ಹಗ್ಗದ ಆಟದಲ್ಲಿ ದಾರಿ ಬೇರೆ. 1990ರಲ್ಲಿ ಶುರುವಾದ ಹವ್ಯಾಸಿಗಳ ಟೀಮ್ ರೋಪಿಂಗ್ ಪಂದ್ಯಾವಳಿಗಳು ಪ್ರತಿ ಆಟಗಾರನಿಗೂ ಒಂದು ಅಂಕೆ ಕೊಡುವ ಪದ್ಧತಿ ತಂದವು. ಈಗ ಹೊಸಬನಿಗೆ 1, ದಿಗ್ಗಜನಿಗೆ 9 ಅಥವಾ 10. ಜೋಡಿಯ ಅಂಕೆಗಳನ್ನು ಕೂಡಿ ಇಷ್ಟರೊಳಗೆ ಇದ್ದರೆ ಈ ಪಂದ್ಯ, ಅದಕ್ಕಿಂತ ಹೆಚ್ಚಾದರೆ ಆ ಪಂದ್ಯ. ಅಂಕೆ ನೋಡುವುದು ನೀವು ಹಿಡಿದ ಹೋರಿಗಳನ್ನು. ಕಾಲು ಇದೆಯೋ ಇಲ್ಲವೋ ಅಂತ ಕೇಳುವುದೇ ಇಲ್ಲ. ಎಪ್ಪತ್ತರ ಅಜ್ಜ, ಹನ್ನೆರಡರ ಹುಡುಗಿ, ಬ್ಯಾಂಕ್ ಮ್ಯಾನೇಜರು, ನಮ್ಮ ಈ ಮನುಷ್ಯ ಎಲ್ಲರೂ ಒಂದೇ ಪಂದ್ಯದಲ್ಲಿ. ಬಹುಮಾನದ ಆಸೆಗೆ ಅಂಕೆ ಏರದಿರಲಿ ಅಂತ ಬೇಕೆಂದೇ ತಪ್ಪಿಸುವ ಘಾಟಿಗಳೂ ಇದ್ದಾರೆ ಅನ್ನಿ. ಆದರೂ ಅಂಗವೈಕಲ್ಯ ಇದ್ದವರಿಗೆ ಇಷ್ಟು ತೆರೆದ ಆಟ ನಾನು ಇನ್ನೊಂದು ನೋಡಿಲ್ಲ, ಅದೂ ಯಾರೂ ಅವರಿಗಾಗಿ ಯೋಚಿಸಿ ಮಾಡಿದ್ದಲ್ಲ!

ಇನ್ನೊಂದು ಅನುಕೂಲವೂ ಹೀಗೇ ಬಂದದ್ದು. ವಯಸ್ಸಾದವರ, ಮಕ್ಕಳ ಬೆರಳು ಉಳಿಯಲಿ ಅಂತ ಹಲವು ಹವ್ಯಾಸಿ ಪಂದ್ಯಗಳಲ್ಲಿ ಹಗ್ಗವನ್ನು ಮೊದಲೇ ಗೂಟಕ್ಕೆ ಕಟ್ಟಿಕೊಳ್ಳಲು ಬಿಡುತ್ತಾರೆ. ಒಂದು ಎಳೆತಕ್ಕೆ ಬಿಚ್ಚುವ ಕೊಂಡಿ ಇರಬೇಕು. ಮುಂದಕ್ಕೆ ಬಗ್ಗಿ ಸುತ್ತಲಾಗದ ಬೆನ್ನಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇನ್ನು ಚಪ್ಪಾಳೆಯ ವಿಷಯ. ಒಕ್ಲಹೋಮದ ಜಾನ್ ಪೇನ್ 1973ರಲ್ಲಿ ವಿದ್ಯುತ್ ತಂತಿ ತಗುಲಿ ಬಲಗೈ ಕಳೆದುಕೊಂಡರು. ಆಮೇಲೆ ‘ಒಂಟಿಗೈ ಬ್ಯಾಂಡಿಟ್’ ಅನ್ನುವ ಹೆಸರಲ್ಲಿ ರೋಡಿಯೊ ನಡುವೆ ಕುದುರೆ ಪ್ರದರ್ಶನ ಕೊಟ್ಟು ಬಹಳ ಹೆಸರು ಮಾಡಿದರು. ಅದು ಅವರ ವೃತ್ತಿ, ದುಡಿದು ಗಳಿಸಿದ ಹೆಸರು. ಆದರೆ ಸ್ಪರ್ಧೆಗೆ ಬಂದವರನ್ನೂ ಪ್ರೇಕ್ಷಕರು ಪ್ರದರ್ಶನದ ಹಾಗೆ ನೋಡುತ್ತಾರೆ. ನಮ್ಮ ಮನುಷ್ಯ ಮೊದಲ ಸಲ ಪಂದ್ಯಕ್ಕೆ ಇಳಿದಾಗ ಕುಣಿಕೆ ಹೋರಿಯ ಬಾಲದ ಹತ್ತಿರ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಿಗೆ ಸಿಟ್ಟು ಬಂದು ಕೆಂಪಾದರು. ‘ಬೇರೆಯವರು ತಪ್ಪಿಸಿದಾಗ ಯಾಕೆ ತಟ್ಟಲಿಲ್ಲ?’ ಅಂತ ಜೊತೆಗಾರನನ್ನು ಕೇಳಿದರು. ಅವನು, ‘ಮಾವ, ತಲೆ ತಗ್ಗಿಸಿ ಎಸೆದರೆ ಹಾಗೇ ಆಗೋದು, ಮೊಣಕೈ ಎತ್ತು’ ಅಂದ. ಅಳಿಯ ಅವನು. ಆ ದಿನ ಅವರಿಗೆ ಸಮಾಧಾನ ಕೊಟ್ಟ ಮಾತು ಅದೊಂದೇ ಅಂತ ಆಮೇಲೆ ನನಗೆ ಹೇಳಿದರು.

ಎಲ್ಲರಿಗೂ ಹೂಂ ಅನ್ನುವುದಿಲ್ಲ ನಾನು. ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ, ರಕ್ತದೊತ್ತಡ ಇದ್ದಕ್ಕಿದ್ದಂತೆ ಏರುವವರಿಗೆ, ಮೂಳೆ ಟೊಳ್ಳಾದವರಿಗೆ ಓಡುವ ಕುದುರೆ ಬೇಡ ಅಂತ ನೇರವಾಗಿ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೇಳದವರು ತಾವೇ ನಿರ್ಧಾರ ಮಾಡುತ್ತಾರೆ, ಮೈ ಅವರದು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಪೋಲಿಯೊದಿಂದ ಮೊಣಕಾಲ ಕೆಳಗೆ ಶಕ್ತಿ ಕಳೆದುಕೊಂಡಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೇರೆಯವರೇ ಎತ್ತಿ ಕುದುರೆ ಮೇಲೆ ಕೂರಿಸಿದರು. ಗಂಡಸರ ಜೊತೆ ಸ್ಪರ್ಧಿಸಿ, ಕುದುರೆಯನ್ನು ಹದವಾಗಿ ನಡೆಸಿ ತೋರಿಸುವ ಡ್ರೆಸಾಜ್‌ನಲ್ಲಿ ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ಅವರಿಗೂ ಬೇಡ ಅಂದವರು ಇದ್ದರು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು, ಅವನ್ನೂ ಸೇರಿಸುತ್ತೇನೆ. ಹಿಂದೆ ಕೂತಿದ್ದ ಮೇಷ್ಟ್ರೊಬ್ಬರು, ‘ಕರುವಿಗೆ ಹಿಂಸೆ ಅಲ್ವಾ ಸರ್?’ ಅಂದರು. ಟೈ-ಡೌನ್ ಬಗ್ಗೆ ಅಲ್ಲಿಯೂ ಜೋರು ವಾದ ಇದೆ. ಓಡುವ ಕರುವಿನ ಕೊರಳಿಗೆ ಬೀಳುವ ಆ ಜಗ್ಗು ನನಗೂ ನೋಡಲಾಗುವುದಿಲ್ಲ. ಬ್ರೇಕ್‌ಅವೇನಲ್ಲಿ ದಾರ ಹರಿಯುವುದರಿಂದ ಪೆಟ್ಟು ಬಹಳ ಕಡಿಮೆ. ಟೀಮ್ ರೋಪಿಂಗ್‌ನಲ್ಲಿ ಹೋರಿಯ ಕೊಂಬಿನ ಬುಡಕ್ಕೆ ದಪ್ಪ ಪಟ್ಟಿ ಕಟ್ಟುತ್ತಾರೆ. ಅಷ್ಟರಿಂದ ಎಲ್ಲ ಸರಿಯಾಯಿತು ಅಂತ ನಾನು ಹೇಳುವುದಿಲ್ಲ.

ಇನ್ನೊಂದು ಪ್ರಶ್ನೆ ಮುಂದಿನ ಸಾಲಿನ ತಾಯಿಯೊಬ್ಬರದು. ‘ನನ್ನ ಮಗ ವೀಲ್‌ಚೇರ್‌ನಲ್ಲಿದ್ದಾನೆ, ಕುದುರೆ ಅಂದರೆ ಪ್ರಾಣ. ಇಲ್ಲಿ ಎಲ್ಲಿಗೆ ಕರಕೊಂಡು ಹೋಗಲಿ?’ ಅಮ್ಮಾ, ಹಗ್ಗ ಆಮೇಲೆ. ಮೊದಲು ಡಾಕ್ಟರ ಹತ್ತಿರ ಸೊಂಟದ ಎಕ್ಸ್‌ರೇ, ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಭಾರ ಹೊರದ ಕಾಲಿನ ಮೂಳೆ ಸಣ್ಣ ತಿರುಚಿಗೂ ಮುರಿಯಬಹುದು. ಆಮೇಲೆ ಸವಾರಿ ಶಾಲೆಗೆ ಹೋದಾಗ ಮಗನನ್ನು ಕುದುರೆಗೆ ಹತ್ತಿಸುವವರು ಎಷ್ಟು ಜನ, ಅವರಿಗೆ ಎತ್ತುವ ಅಭ್ಯಾಸ ಇದೆಯೇ ಅಂತ ಕೇಳಿ. ಪಕ್ಕದಲ್ಲಿ ಸ್ಕೂಟರ್ ಹಾರ್ನ್ ಹೊಡೆದರೂ ಆ ಕುದುರೆ ಅಲುಗಾಡದೆ ನಿಲ್ಲುತ್ತದೆಯೇ ಅಂತ ನಿಮ್ಮ ಕಣ್ಣೆದುರಿಗೇ ತೋರಿಸಲು ಹೇಳಿ. ತೋರಿಸದಿದ್ದರೆ ಬೇರೆ ಶಾಲೆ ನೋಡಿ. ಜೀನಿನ ಬೆನ್ನಾಸರೆ, ಪಟ್ಟಿಗಳ ಫೋಟೊ ನನ್ನ ಫೋನಿನಲ್ಲಿವೆ. ಊಟದ ಹೊತ್ತಿಗೆ ಮಗನನ್ನೂ ಕರೆದುಕೊಂಡು ಬನ್ನಿ, ಕೂತು ನೋಡೋಣ. ಅವನು ಎಷ್ಟು ಹೊತ್ತು ಆಸರೆ ಇಲ್ಲದೆ ನೇರ ಕೂರುತ್ತಾನೆ ಅಂತ ನಾನೂ ನೋಡಬೇಕು.